ದೊಡ್ಡಪತ್ರೆಯ ಘಾಟಿನಲ್ಲಿ ಏನಿದೆ?

"ಡಾಕ್ಟ್ರೇ, ದೊಡ್ಡಪತ್ರೆ ರಸ ಆಂಟಿಬಯಾಟಿಕ್ ಇದ್ದ ಹಾಗೆ ಅಂತಾರೆ, ಹೌದಾ?" ಮಗುವಿಗೆ ಕೆಮ್ಮು ಬಂದಾಗ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಇದು.

ಆ ಎಲೆಯನ್ನು ಬೆರಳಲ್ಲಿ ಹಿಸುಕಿ ನೋಡಿ. ಓಮದ್ದೇ ಘಾಟು, ಅಲ್ವಾ? ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಇರುವ ಎಣ್ಣೆಯ ವಾಸನೆ ಅದು. ಅದರಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳಿವೆ. ಓಮದಲ್ಲೂ ಥೈಮಾಲ್ ಇದೆ. ಇವು ಬ್ಯಾಕ್ಟೀರಿಯಾದ ಪೊರೆಗೆ ನುಗ್ಗಿ ಅದನ್ನು ಸಡಿಲ ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ ಸೋರುತ್ತದೆ, ಬ್ಯಾಕ್ಟೀರಿಯಾ ಶಕ್ತಿ ಕಳೆದುಕೊಂಡು ಸಾಯುತ್ತದೆ. ಕೀವುಗುಳ್ಳೆ ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಮೇಲೂ ಲ್ಯಾಬ್‌ನಲ್ಲಿ ಇದರ ಪರಿಣಾಮ ಕಂಡಿದೆ. ಇ. ಕೊಲೈ ಜಾತಿಯವಕ್ಕೆ ಮೇಲೆ ಇನ್ನೊಂದು ಪದರ ಇರುವುದರಿಂದ ಅವು ಸಾಮಾನ್ಯವಾಗಿ ಜಾಸ್ತಿ ತಡೆದುಕೊಳ್ಳುತ್ತವೆ.

ಆದರೆ ಲ್ಯಾಬ್‌ನಲ್ಲಿ ಹೆಚ್ಚಾಗಿ ಬಳಸುವುದು ಭಟ್ಟಿ ಇಳಿಸಿದ ಗಟ್ಟಿ ಎಣ್ಣೆ. ಅದು ಬ್ಯಾಕ್ಟೀರಿಯಾಕ್ಕೆ ನೇರವಾಗಿ ತಾಗುತ್ತದೆ. ನಾವು ಹಿಂಡುವ ರಸದಲ್ಲಿ ಬಹುಪಾಲು ನೀರೇ. ಹೊಟ್ಟೆಗೆ ಹೋದ ಚೂರುಪಾರು ಎಣ್ಣೆಯನ್ನೂ ಲಿವರ್ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಮೇಲಾಗಿ ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಅಂಗಡಿಯ ಆಂಟಿಬಯಾಟಿಕ್ಕೂ ಕೆಲಸ ಮಾಡುವುದಿಲ್ಲ.

ಹಾಗಂತ ಹಿರಿಯರು ಸುಮ್ನೆ ಹೇಳಿದರು ಅಂತಲ್ಲ. ಎಲೆ ಬಾಡಿಸಿ ಹಿಂಡಿದ ಬೆಚ್ಚಗಿನ ರಸ ಗಂಟಲಿಗೆ ಹಿತ. ಆ ಘಾಟಿಗೆ ಮೂಗು ಬಿಟ್ಟಂತೆ ಅನಿಸುತ್ತದೆ. ಮೈಮೇಲೆ ಪಿತ್ತದ ಗಂಧೆ ಎದ್ದಾಗ, ಹುಳ ಕಚ್ಚಿದಾಗ ಎಲೆ ಉಜ್ಜುವ ರೂಢಿಯೂ ಹಳೆಯದು. ಇಂಡೋನೇಷ್ಯಾದ ಬಟಕ್ ಜನರು ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಇದರ ಸಾರು ಕೊಡುತ್ತಾರೆ. ಇಷ್ಟು ದೂರದ ಜನರೂ ಇದೇ ಎಲೆಯನ್ನು ನಂಬಿದ್ದಾರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನಾನು ಬೇಡ ಅನ್ನುವುದು ಕೆಲವಕ್ಕೆ ಮಾತ್ರ. ಒಂದು ವರ್ಷ ತುಂಬದ ಮಗುವಿಗೆ ರಸದ ಜೊತೆ ಜೇನು ಕೊಡಬೇಡಿ. ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಬಾಟಲಿಯ ಗಟ್ಟಿ ಎಣ್ಣೆಯನ್ನು ಹಾಗೇ ಚರ್ಮಕ್ಕೆ ಹಚ್ಚಬೇಡಿ, ಉರಿದು ಕೆಂಪಾಗುತ್ತದೆ. ಆಳವಾದ ಗಾಯಕ್ಕೆ ಎಲೆ ಅರೆದು ತುಂಬಬೇಡಿ, ಅದರ ಜೊತೆ ಮಣ್ಣಿನ ಕೀಟಾಣುಗಳೂ ಒಳಗೆ ಹೋಗುತ್ತವೆ. ಇನ್ನು ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಎಲೆ ಕೀಳಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ.