ಕುರಿಹಾಲಿಗೆ ಹದಿನೈದು ಲಕ್ಷದ ಮಿತಿ ಬಂದ ಬಗೆ

ಯುರೋಪಿಯನ್ ಒಕ್ಕೂಟದ ನಿಯಮದಂತೆ, ಕಾಯಿಸದ ಹಸುವಿನ ಹಾಲಿನ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಒಂದು ಲಕ್ಷವನ್ನು ಮೀರಬಾರದು. ಕುರಿ, ಆಡು ಮುಂತಾದ ಇತರ ಪ್ರಾಣಿಗಳ ಹಾಲಿಗೆ ಹದಿನೈದು ಲಕ್ಷದವರೆಗೆ ವಿನಾಯಿತಿ ಇದೆ. ಕಂಬಳಿಗೂ ಮಾಂಸಕ್ಕೂ ಕುರಿ ಸಾಕುವ ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ; ಆದರೆ ಕುರಿಹಾಲಿನ ಗಿಣ್ಣನ್ನೇ (ಚೀಸ್) ನಂಬಿರುವ ಮೆಡಿಟರೇನಿಯನ್ ಸೀಮೆಯಲ್ಲಿ ಈ ವ್ಯತ್ಯಾಸಕ್ಕೆ ಉದ್ದನೆಯ ಹಿನ್ನೆಲೆಯಿದೆ.

ಅಲ್ಲಿನ ಕುರುಬರು ಕುರಿಯ ಹಿಂದೆ ಕುಳಿತು, ಹಿಂಗಾಲುಗಳ ನಡುವೆ ಪಾತ್ರೆಯಿಟ್ಟು ಹಾಲು ಕರೆಯುತ್ತಿದ್ದರು. ಹಿಕ್ಕೆ, ಉಣ್ಣೆಯ ಎಳೆ, ದೊಡ್ಡಿಯ ಧೂಳು ನೇರವಾಗಿ ಪಾತ್ರೆಗೆ ಬೀಳಲು ಇದಕ್ಕಿಂತ ಅನುಕೂಲವಾದ ಭಂಗಿ ಇನ್ನೊಂದಿರಲಾರದು. ಒಂದು ಕುರಿ ಕೊಡುವ ಹಾಲೂ ಕಡಿಮೆಯಾದ್ದರಿಂದ ಒಂದು ಕ್ಯಾನ್ ತುಂಬಲು ಹತ್ತಾರು ಕೆಚ್ಚಲುಗಳನ್ನು ಮುಟ್ಟಬೇಕಿತ್ತು, ಒಂದರ ಸೋಂಕು ಕೈಯ ಮೂಲಕ ಇನ್ನೊಂದಕ್ಕೆ ದಾಟುತ್ತಿತ್ತು.

ಹಾಲಿನಿಂದ ರೋಗ ಹರಡುತ್ತದೆಂಬುದಕ್ಕೆ ಒಂದು ಸ್ಪಷ್ಟ ಪುರಾವೆ ಸಿಕ್ಕಿದ್ದು ಮಾಲ್ಟಾ ದ್ವೀಪದಲ್ಲಿ, ಅದೂ ಆಡಿನ ಹಾಲಿನಿಂದ. ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು 1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಪ್ರತ್ಯೇಕಿಸಿದರು. ಅದರ ನೆಲೆ ಆಡುಗಳೆಂದು 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಪತ್ತೆಮಾಡಿದರು. ಮರುವರ್ಷ ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದೊಡನೆ ಜ್ವರ ಇಳಿಯಿತು. ಬ್ರುಸೆಲ್ಲಾ ಎಂಬ ಅದೇ ರೋಗಾಣು ಕುರಿಗಳಲ್ಲಿಯೂ ಇರುತ್ತದೆ.

ಹಾಲನ್ನು ಕಾಯಿಸಿದರೆ ಈ ಭಯವಿಲ್ಲ. ಆದರೆ 1925ರಲ್ಲಿ ಕಾನೂನಿನ ರಕ್ಷಣೆ ಪಡೆದ ಫ್ರಾನ್ಸಿನ ರೋಕ್‌ಫೋರ್ ಗಿಣ್ಣು ಹಸಿ ಹಾಲಿನಿಂದಲೇ ಆಗಬೇಕು. ಹಾಗಾಗಿ ಶುಚಿತ್ವದ ಹೊಣೆ ಕಾರ್ಖಾನೆಯದಲ್ಲ, ಕೊಟ್ಟಿಗೆಯದಾಯಿತು. 1960ರ ದಶಕದಿಂದ ಆ ಸೀಮೆಯ ಲಾಕೋನ್ ಕುರಿಗಳಿಗೆ ಕರೆಯುವ ಯಂತ್ರಗಳು ವ್ಯಾಪಕವಾದವು. ಪಾತ್ರೆಗೆ ಹಿಕ್ಕೆ ಬೀಳುವುದು ತಪ್ಪಿತಾದರೂ ಕೊಳೆ ಹೊಸ ಜಾಗ ಹುಡುಕಿಕೊಂಡಿತು: ಸರಿಯಾಗಿ ತೊಳೆಯದ ಕೊಳವೆಯ ಒಳಮೈ, ಬಿರುಕು ಬಿಟ್ಟ ರಬ್ಬರ್. ಕುರಿಯ ಮೊಲೆತೊಟ್ಟುಗಳು ಕೆಚ್ಚಲಿನ ಬುಡದಲ್ಲಿರದೆ ಪಕ್ಕಕ್ಕೆ ಚಾಚಿರುವುದರಿಂದ ಯಂತ್ರ ತೆಗೆದ ಮೇಲೂ ಒಳಗೆ ಹಾಲು ಉಳಿಯುತ್ತದೆ, ಅದನ್ನು ಹಿಂಡಲು ಕೈ ಮತ್ತೆ ಕೆಚ್ಚಲಿಗೆ ಹೋಗುತ್ತದೆ. ತಂಪು ಟ್ಯಾಂಕುಗಳು ಬಂದಾಗ ಚಳಿಯಲ್ಲೂ ಬೆಳೆಯುವ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳ ಕಾಟ ಶುರುವಾಯಿತು.

2004ರಲ್ಲಿ ರೂಪಿಸಿ 2006ರಿಂದ ಜಾರಿಗೆ ತಂದ ಇಂದಿನ ನಿಯಮವು ಈ ಎಲ್ಲ ಅನುಭವದ ನಡುವಣ ರಾಜಿ. ಪ್ರತಿದಿನ ಸಂಗ್ರಹಿಸುವ ಹಾಲನ್ನು 8 ಡಿಗ್ರಿ ಸೆಲ್ಸಿಯಸ್‌ಗೆ, ಇಲ್ಲದಿದ್ದರೆ 6 ಡಿಗ್ರಿಗೆ ತಂಪುಮಾಡಬೇಕು; ಹದಿನೈದು ಲಕ್ಷದ ಮಿತಿ ಮುಂದೆ ಕಾಯಿಸಿ ಬಳಸುವ ಕುರಿಹಾಲಿಗೆ, ಕಾಯಿಸದೆ ಬಳಸುವ ಹಾಲಿಗೆ ಮಿತಿ ಐದು ಲಕ್ಷ. ಬಡ ಕುರುಬನನ್ನು ಹೊರಗಿಡದ ಉದ್ದೇಶ ಇದರಲ್ಲಿ ಕಾಣುತ್ತದೆ.

ನನಗೆ ಒಪ್ಪಲಾಗದ್ದು ಬೇರೆಯೇ. ಕೆಚ್ಚಲು ಬಾವಿನ ಸುಳಿವು ಕೊಡುವ ದೇಹಕೋಶಗಳ ಎಣಿಕೆಗೆ ಹಸುವಿನ ಹಾಲಿನಲ್ಲಿ ನಾಲ್ಕು ಲಕ್ಷದ ಮಿತಿಯಿದ್ದರೂ ಕುರಿಹಾಲಿಗೆ ಯಾವ ಮಿತಿಯೂ ಇಲ್ಲ. ಆಡಿನ ಹಾಲಿನಲ್ಲಿ ಈ ಎಣಿಕೆ ಸಹಜವಾಗಿಯೇ ಏರಿರುತ್ತದೆ, ಅಲ್ಲಿ ಸಡಿಲಿಕೆಗೆ ಅರ್ಥವಿದೆ. ಕುರಿಯ ಹಾಲಾದರೋ ಈ ವಿಷಯದಲ್ಲಿ ಹಸುವಿನ ಹಾಲಿಗೆ ಹತ್ತಿರ. ಹೊರನೋಟಕ್ಕೆ ಕಾಣದ ಬಾವು ಗಿಣ್ಣಿನ ಇಳುವರಿಯನ್ನೇ ಕುಗ್ಗಿಸುವುದರಿಂದ ಲಾಕೋನ್ ತಳಿಯ ಆಯ್ಕೆಯಲ್ಲಿ ಈ ಎಣಿಕೆಯನ್ನು ಈಗ ಪರಿಗಣಿಸಲಾಗುತ್ತಿದೆ. ಅಮೆರಿಕದ ನಿಯಮಾವಳಿಯಲ್ಲಿ ಕುರಿಹಾಲಿಗೂ ಏಳೂವರೆ ಲಕ್ಷದ ಮಿತಿಯಿದೆ.