ತೃಪ್ತಿ ಕೊಡುವ ಕೆಲಸ, ತಡವಾಗಿ ಬಂದ ಮನ್ನಣೆ

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು ತಿಂಗಳುಗಟ್ಟಲೆ ಅಭ್ಯಾಸದ ಬಳಿಕ ತಾವೇ ಎದ್ದು ನಾಲ್ಕು ಹೆಜ್ಜೆ ಇಡುವುದನ್ನು, ತುತ್ತನ್ನು ತಾವೇ ಬಾಯಿಗಿಡುವುದನ್ನು ಎದುರಿಗೆ ನಿಂತು ಕಾಣುವ ಭಾಗ್ಯ ಅಂಗಾಂಗಗಳ ಚಲನೆ ಮರಳಿಸಲು ನೆರವಾಗುವ ಫಿಸಿಯೊಥೆರಪಿಸ್ಟರಿಗೆ ಮತ್ತು ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವಂತೆ ಅಣಿಗೊಳಿಸುವ ಆಕ್ಯುಪೇಷನಲ್ ಥೆರಪಿಸ್ಟರಿಗೆ ಇದೆ. ಹೀಗಿದ್ದೂ ನಮ್ಮಲ್ಲಿ ಈ ಎರಡೂ ವೃತ್ತಿಗಳ ಒಳಗೆ ಅಸಮಾಧಾನ ಬಹುಕಾಲದಿಂದ ಹೊಗೆಯಾಡುತ್ತಿದೆ. ಸಂಬಳದ ದೂರು ಅದರಲ್ಲಿ ಇದ್ದೇ ಇದೆ. ಆದರೆ ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ವಾದಿಸಿದಂತೆ, ಸಂಬಳ ಸಾಲದಿದ್ದರೆ ಅತೃಪ್ತಿ ಹುಟ್ಟುತ್ತದೆಯೇ ಹೊರತು, ತೃಪ್ತಿ ಬರುವುದು ಸಾಧನೆ, ಹೊಣೆ, ಮನ್ನಣೆಗಳಿಂದ. ಇಲ್ಲಿ ಸಾಧನೆಗೆ ಕೊರತೆಯಿಲ್ಲ. ಮನ್ನಣೆಯ ಕಥೆಯೇ ಬೇರೆ.

ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಪೋಲಿಯೊ ಹಾವಳಿಯ ಬೆನ್ನಿಗೆ 1953ರಲ್ಲಿ ಅಲ್ಲಿಯೇ ಫಿಸಿಯೊಥೆರಪಿ ಶಿಕ್ಷಣವೂ ಶುರುವಾಯಿತು. 1952ರಲ್ಲಿ ಆಕ್ಯುಪೇಷನಲ್ ಥೆರಪಿಯ ಜಾಗತಿಕ ಒಕ್ಕೂಟ ಹುಟ್ಟಿದಾಗ ಭಾರತ ಅದರ ಸ್ಥಾಪಕ ಸದಸ್ಯರಲ್ಲಿ ಒಂದಾಗಿತ್ತು. ಹೊರಗೆ ಅಷ್ಟು ಬೇಗ ದೊರೆತ ಸ್ಥಾನ ಒಳಗೆ ದೊರೆಯಲಿಲ್ಲ. ವೈದ್ಯರಿಗೆ, ದಂತವೈದ್ಯರಿಗೆ, ದಾದಿಯರಿಗೆ ವೃತ್ತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತುಗಳಿದ್ದರೂ ಇವರಿಗಿರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ಇಂಥ ಪರಿಷತ್ತಿಗೆ ತಮ್ಮದೇ ಕಾಯ್ದೆ ಮಾಡಿಕೊಂಡವು. ರಾಷ್ಟ್ರೀಯ ಪರಿಷತ್ತಿಗಾಗಿ ತಂದ 2007ರ ಕೇಂದ್ರ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಪರಿಷತ್ತಿಲ್ಲದ ಕಡೆ ನಾಲ್ಕೂವರೆ ವರ್ಷ ಫಿಸಿಯೊಥೆರಪಿ ಪದವಿ (ಬಿಪಿಟಿ) ಓದಿದವರಿಗೂ ಅಲ್ಪಾವಧಿಯ ತರಬೇತಿ ಪಡೆದು ಬೋರ್ಡು ತಗುಲಿಸಿದವರಿಗೂ ಇರುವ ಅಂತರವನ್ನು ರೋಗಿ ತಿಳಿಯುವುದಾದರೂ ಹೇಗೆ? ವೈದ್ಯರು ಚೀಟಿಯಲ್ಲಿ ಬರೆದಷ್ಟು ದಿನ, ಬರೆದಷ್ಟೇ ಚಿಕಿತ್ಸೆ ಎಂಬ ರೂಢಿಯಿಂದ, ಹರ್ಜ್‌ಬರ್ಗ್ ಹೇಳಿದ ಹೊಣೆಯೂ ಮೊಟಕಾಯಿತು.

ಎರಡೂ ವೃತ್ತಿಗಳನ್ನು ಒಳಗೊಂಡ ರಾಷ್ಟ್ರೀಯ ಆಯೋಗದ ಕಾಯ್ದೆ ಕೊನೆಗೂ 2021ರಲ್ಲಿ ಬಂತು. ಆಯೋಗ 2025ರಲ್ಲಿ ಪ್ರಕಟಿಸಿದ ಪಠ್ಯಕ್ರಮ, ಫಿಸಿಯೊಥೆರಪಿಸ್ಟರು ಹೆಸರಿನ ಮೊದಲಿಗೆ ‘ಡಾ.’ ಎಂದೂ ಕೊನೆಗೆ ‘ಪಿಟಿ’ ಎಂದೂ ಬರೆದುಕೊಳ್ಳಲು ಎಡೆಮಾಡಿತು. ಅದೇ ವರ್ಷದ ಸೆಪ್ಟೆಂಬರ್ 9ರಂದು, ಅಂದರೆ ವಿಶ್ವ ಫಿಸಿಯೊಥೆರಪಿ ದಿನದ ಮರುದಿನವೇ, ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆ ‘ಡಾ.’ ಕೂಡದೆಂದು ಪತ್ರ ಬರೆಯಿತು. ಮಾರನೆಯ ದಿನ ಅದನ್ನು ಹಿಂತೆಗೆದುಕೊಂಡಿತು. ಒಂದಕ್ಷರಕ್ಕೆ ಇಷ್ಟು ಹಗ್ಗಜಗ್ಗಾಟವೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ‘ಮಸಾಜ್ ಮಾಡುವವರು’ ಎಂದು ಕರೆಸಿಕೊಂಡವರಿಗೆ ಅದು ಸಣ್ಣ ವಿಷಯವಲ್ಲ. ಇನ್ನು ಆಕ್ಯುಪೇಷನಲ್ ಥೆರಪಿಸ್ಟರ ಪಾಡು ಇದಕ್ಕೂ ಒಂದು ಮೆಟ್ಟಿಲು ಹಿಂದಿದೆ: ‘ಆಕ್ಯುಪೇಷನ್’ ಎಂದರೆ ಉದ್ಯೋಗ ಎಂದುಕೊಳ್ಳುವ ಜನರಿಗೆ, ತಾವು ಉದ್ಯೋಗ ಕೊಡಿಸುವವರಲ್ಲ ಎಂಬುದರಿಂದಲೇ ಅವರು ಪರಿಚಯ ಆರಂಭಿಸಬೇಕಾಗುತ್ತದೆ.