ಶಿರಸಿಯಲ್ಲೇ ಇದ್ದು ವಿಡಿಯೊ ಗೇಮ್‌ಗೆ ಸಂಗೀತ ಮಾಡಬಹುದೇ?

ಪ್ರಶ್ನೆ: ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಹಾರ್ಮೋನಿಯಂ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕ್ ಮಾಡಿ ಗೆಳೆಯರ ಕಿರುಚಿತ್ರಗಳಿಗೆ ಕೊಟ್ಟಿದ್ದೇನೆ. ಗೇಮ್ ಸ್ಟುಡಿಯೊಗಳಿಗೆ ಎಷ್ಟು ಟ್ರ್ಯಾಕ್ ಕಳಿಸಿದರೂ ಉತ್ತರವೇ ಬರುವುದಿಲ್ಲ. ಬೆಂಗಳೂರಿಗೆ ಹೋಗಲೇಬೇಕೇ?

ಉತ್ತರ: ಹೋಗಬೇಕಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ’ ನಮ್ಮ ಪುರಾಣಗಳ ಮೇಲೆ ನಿಂತ ಆಟ. ಅದಕ್ಕೆ ಸಂಗೀತ ಕೊಟ್ಟವರು ಗ್ರೀಕ್ ಸಂಯೋಜಕ ಲೀನೋಸ್ ಟ್ಸೆಲೋಸ್. ಈ ಕೆಲಸದಲ್ಲಿ ಊರು ಯಾವುದೆಂದು ಕೇಳುವವರು ಕಡಿಮೆ. ನಿಮಗೆ ಉತ್ತರ ಬಾರದಿರುವುದಕ್ಕೆ ಕಾರಣ ಬಹುಶಃ ನೀವು ಕಳಿಸುತ್ತಿರುವ ಟ್ರ್ಯಾಕ್‌ಗಳ ಜಾತಿ.

ಕಿರುಚಿತ್ರದ ಸಂಗೀತಕ್ಕೆ ಶುರು ಎಲ್ಲಿ, ಕೊನೆ ಎಲ್ಲಿ ಎನ್ನುವುದು ಮೊದಲೇ ಗೊತ್ತಿರುತ್ತದೆ. ಗೇಮಿನಲ್ಲಿ ಆಟಗಾರ ಒಂದು ಬಾಗಿಲ ಮುಂದೆ ಹತ್ತು ಸೆಕೆಂಡೂ ನಿಲ್ಲಬಹುದು, ಹತ್ತು ನಿಮಿಷವೂ ನಿಲ್ಲಬಹುದು. ಯಕ್ಷಗಾನದಲ್ಲಿ ಭಾಗವತರು ವೇಷಧಾರಿಯ ಕುಣಿತ ನೋಡಿಕೊಂಡು ಪದ್ಯದ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ, ಹೊತ್ತು ನೋಡಿ ಮುಕ್ತಾಯ ಕೊಡುತ್ತಾರೆ. ಗೇಮಿನಲ್ಲಿ ಆ ಜಾಗದಲ್ಲಿ ಸಾಫ್ಟ್‌ವೇರ್ ಕೂತಿರುತ್ತದೆ. ಅದಕ್ಕೆ ಸ್ವಂತ ಕಿವಿಯಿಲ್ಲ; ಯಾವಾಗ ಏನು ಮಾಡಬೇಕೆಂದು ನೀವೇ ಹೇಳಿಕೊಟ್ಟಿರಬೇಕು. ಸ್ಟುಡಿಯೊದವರು ಹುಡುಕುವುದು ಈ ಹೇಳಿಕೊಡುವ ವಿದ್ಯೆಯನ್ನು. ಚೆಂದದ ಟ್ಯೂನ್ ಅವರಿಗೆ ದಿನವೂ ಬರುತ್ತಿರುತ್ತದೆ.

ಮೊದಲು ಲೂಪ್, ಅಂದರೆ ಮುಗಿದೊಡನೆ ಮತ್ತೆ ಮೊದಲಿಂದ ಸುತ್ತುವ ತುಣುಕನ್ನು, ಸರಿ ಮಾಡಿಕೊಳ್ಳಿ. ನಿಮಿಷಕ್ಕೆ 120 ಬೀಟ್, ಬಾರ್‌ಗೆ ನಾಲ್ಕು ಬೀಟ್ ಎಂದರೆ ಒಂದು ಬಾರ್ ಎರಡು ಸೆಕೆಂಡ್, 16 ಬಾರ್ 32 ಸೆಕೆಂಡ್. 48 ಕಿಲೊಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ 48,000 ಅಳತೆ ತೆಗೆದಾಗ, ಅದು ಸರಿಯಾಗಿ 15,36,000 ಸ್ಯಾಂಪಲ್. ಇಷ್ಟಕ್ಕೇ ಕತ್ತರಿಸಿದರೆ ಕೊನೆಯ ಸ್ವರದ ರಿವರ್ಬ್ (ಸ್ವರ ನಿಂತ ಮೇಲೂ ಉಳಿಯುವ ಗುಂಗು) ಅರ್ಧಕ್ಕೆ ತುಂಡಾಗಿ, ಪ್ರತಿ ಸುತ್ತಿನಲ್ಲೂ ಯಾರೋ ಸ್ವಿಚ್ ಆರಿಸಿದಂತೆ ಕೇಳುತ್ತದೆ. ಹೊಸಬರ ಡೆಮೊಗಳಲ್ಲಿ ಅತಿ ಹೆಚ್ಚು ಸಿಗುವ ದೋಷ ಇದೇ. ಪರಿಹಾರ ಸುಲಭ: ಅದೇ 16 ಬಾರ್‌ಗಳನ್ನು ಎರಡು ಸಲ ಒಂದರ ಹಿಂದೆ ಒಂದು ಇಟ್ಟು 64 ಸೆಕೆಂಡ್ ರೆಂಡರ್ ಮಾಡಿ (ಒಂದೇ ಫೈಲ್ ಆಗಿ ಹೊರತೆಗೆದು), 32ರಿಂದ 64ರವರೆಗಿನ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಮೊದಲ ಸುತ್ತಿನ ಬಾಲ ಎರಡನೆಯದರ ತಲೆಯ ಮೇಲೆ ಬಿದ್ದಿರುತ್ತದೆ, ಹೊಲಿಗೆ ಕಾಣುವುದಿಲ್ಲ. ಆಟ ಶುರುವಾದ ಮೊದಲ ಸಲಕ್ಕೆ ತಲೆಯ ಮೇಲೆ ಬಾಲ ಬೀಳದ ಮೊದಲ ಸುತ್ತನ್ನು ಬೇರೆ ಫೈಲ್ ಆಗಿ ಕೊಡಿ. ಎಂಪಿ3ಯಲ್ಲಿ ಮಾತ್ರ ಲೂಪ್ ಕೊಡಬೇಡಿ. ಎನ್‌ಕೋಡರ್ ಮುಂದೆ ಹಿಂದೆ ಒಂದಿಷ್ಟು ಮೌನ ಸೇರಿಸುತ್ತದೆ, ಲೂಪ್ ಎಡವುತ್ತದೆ. 24 ಬಿಟ್ ವೇವ್ ಕೊಟ್ಟರೆ ಅವರು ಬೇಕಿದ್ದರೆ ಓಗ್ ಎಂಬ ಚಿಕ್ಕ ಗಾತ್ರದ ಫೈಲಿಗೆ ಬದಲಿಸಿಕೊಳ್ಳುತ್ತಾರೆ.

ಆಮೇಲೆ ಪದರಗಳು. ಒಂದೇ ಸಂಗೀತವನ್ನು ಮೂರು ಫೈಲ್ ಮಾಡಿ: ಶ್ರುತಿ ಮತ್ತು ಹಿನ್ನೆಲೆ ಒಂದು, ತಾಳವಾದ್ಯ ಒಂದು, ಮುಖ್ಯ ಸ್ವರ ಒಂದು. ಮೂರಕ್ಕೂ ಒಂದೇ ಶುರು, ಒಂದೇ ಉದ್ದ. ಶತ್ರು ದೂರವಿದ್ದಾಗ ಮೊದಲನೆಯದು ಮಾತ್ರ, ಹತ್ತಿರ ಬಂದಂತೆ ಉಳಿದೆರಡು. ಮಾಸ್ಟರ್‌ನಲ್ಲಿ ಲಿಮಿಟರ್ (ಧ್ವನಿ ಮಿತಿ ಮೀರದಂತೆ ಒತ್ತುವ ಸಾಧನ) ಇಟ್ಟುಕೊಂಡೇ ಪದರಗಳನ್ನು ಬೇರೆ ಬೇರೆ ಹೊರತೆಗೆದರೆ ಕೆಲಸ ಕೆಡುತ್ತದೆ: ಒಂಟಿಯಾಗಿದ್ದಾಗ ಲಿಮಿಟರ್ ಒತ್ತುವುದಿಲ್ಲ, ಆಟದಲ್ಲಿ ಮೂರೂ ಕೂಡಿದಾಗ ಧ್ವನಿ ಒಡೆಯುತ್ತದೆ. ಲಿಮಿಟರ್ ತೆಗೆದು, ಮೂರೂ ಕೂಡಿದಾಗ ಒಡೆಯದಷ್ಟು ಧ್ವನಿ ತಗ್ಗಿಸಿ ರೆಂಡರ್ ಮಾಡಿ.

ಒಂದು ಸಂಗೀತದಿಂದ ಇನ್ನೊಂದಕ್ಕೆ ಹೋಗುವುದು ಇನ್ನೂ ಸೂಕ್ಷ್ಮ. ಬಾರ್ ಮುಗಿದ ಮೇಲೆ ಬದಲಾಗಲಿ ಎಂದು ಇಟ್ಟರೆ 120ರ ಲಯದಲ್ಲಿ ಹೆಚ್ಚೆಂದರೆ ಎರಡು ಸೆಕೆಂಡ್ ಕಾಯಬೇಕು, 60ರಲ್ಲಿ ನಾಲ್ಕು. ಅಷ್ಟರಲ್ಲಿ ಶತ್ರು ಸತ್ತೇ ಹೋಗಿರಬಹುದು. ಹಿಂದೂಸ್ತಾನಿ ಕಲಿತವರು ಬದಲಾವಣೆಯನ್ನು ಸಮಕ್ಕೇ (ತಾಳದ ಮೊದಲ ಮಾತ್ರೆಗೇ) ತರಲು ನೋಡುತ್ತಾರೆ. 120ರ ಲಯದ ತೀನ್‌ತಾಲ್‌ನಲ್ಲೂ 16 ಮಾತ್ರೆಗೆ ಎಂಟು ಸೆಕೆಂಡ್, ವಿಲಂಬಿತವಾದರಂತೂ ಕೇಳುವುದೇ ಬೇಡ. ನಾಲ್ಕು ಮಾತ್ರೆಯ ವಿಭಾಗ ಮುಗಿದಲ್ಲೇ ದಾಟಲು ಬಿಡಿ, ಕಾಯುವ ಹೊತ್ತಿನಲ್ಲಿ ಚಂಡೆಯ ಒಂದು ಸೆಕೆಂಡಿನ ಉರುಳಿಕೆ ತುಂಬಿ. ಇಡೀ ಆಟಕ್ಕೆ ಒಂದೇ ಶ್ರುತಿ ಇಟ್ಟುಕೊಂಡರೆ ಯಾವುದರಿಂದ ಯಾವುದಕ್ಕೆ ಹಾರಿದರೂ ಅಪಸ್ವರವಾಗದು. ಕಟ್ಟುಪಾಡು ಅನ್ನಿಸಬಹುದು, ಮೊದಲ ಆಟಕ್ಕೆ ಇದೇ ಕ್ಷೇಮ.

ಇದನ್ನೆಲ್ಲ ಕಲಿಯಲು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು: 60 ದಿನ ಪುಕ್ಕಟೆ, ಆಮೇಲೆ ವೈಯಕ್ತಿಕ ಪರವಾನಗಿ 60 ಡಾಲರ್. ಯಾವಾಗ ಯಾವ ಪದರ ಕೇಳಬೇಕು ಎಂಬಂಥ ಆಟದ ಒಳಗಿನ ತೀರ್ಮಾನಗಳಿಗೆ ಎಫ್‌ಮಾಡ್ ಸ್ಟುಡಿಯೊ ಎಂಬ ಸಾಫ್ಟ್‌ವೇರ್. ಅದನ್ನು ಕಲಿಯಲು ಹಣ ಬೇಡ. ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಮೈಕ್, ಒಳ್ಳೆಯ ಹೆಡ್‌ಫೋನ್ ಮೊದಲು ಬರಲಿ. ವಾದ್ಯಗಳ ಧ್ವನಿ ತುಂಬಿಟ್ಟ ದುಬಾರಿ ಲೈಬ್ರರಿಗಳು ಕಾಯಲಿ. ಲೈಬ್ರರಿಯ ಸಿತಾರಿನಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ಎಳೆತ) ಸತ್ತಿರುತ್ತದೆ, ನಿಮ್ಮ ಪಕ್ಕದ ಮನೆಯ ಕೊಳಲಿನವರನ್ನು ಕೂರಿಸುವುದು ಮೇಲು. ರೆಕಾರ್ಡಿಂಗ್ ಎಲ್ಲ ಮೇ ಒಳಗೆ ಮುಗಿಸಿ. ಜೂನ್ ಹತ್ತಿದರೆ ತಗಡಿನ ಮಾಡಿನ ಕೆಳಗೆ ಮೈಕ್ ತೆರೆಯಲಾಗದು, ತೇವಕ್ಕೆ ಚರ್ಮವಾದ್ಯಗಳ ಶ್ರುತಿ ಇಳಿಯುತ್ತದೆ, ಕರೆಂಟಿನ ಕತೆ ನಿಮಗೇ ಗೊತ್ತು. ಹಾಲಕ್ಕಿಗಳ ಗುಮಟೆ, ಸಿದ್ದಿಗಳ ಡಮಾಮಿ ಬಳಸುವುದಾದರೆ ನುಡಿಸಿದವರಿಗೆ ಯಾವ ಆಟಕ್ಕೆಂದು ತಿಳಿಸಿ, ಸಂಭಾವನೆ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕಳ್ಳತನವಾಗಬಾರದು ಎನ್ನುವುದು ಒಂದು. ಹಕ್ಕಿನ ಕಾಗದ ಇಲ್ಲದ ಧ್ವನಿಯನ್ನು ಗೇಮ್ ಪ್ರಕಾಶಕರು ಮುಟ್ಟುವುದಿಲ್ಲ ಎನ್ನುವುದು ಇನ್ನೊಂದು.

ಈಗ ಡೆಮೊ. ಹತ್ತು ಟ್ರ್ಯಾಕ್‌ಗಳ ಬದಲು 90 ಸೆಕೆಂಡಿನ ಒಂದು ವಿಡಿಯೊ ಮಾಡಿ: ಆಟ ನಡೆಯುತ್ತಿರಲಿ, ಆಟಗಾರನ ನಡೆಗೆ ಸಂಗೀತ ಬದಲಾಗುವುದು ಕಾಣಲಿ. ಆಟ ಎಲ್ಲಿಂದ ತರುವುದು ಎಂದರೆ ಗೇಮ್ ಜ್ಯಾಮ್‌ಗಳಿಂದ, ಅಂದರೆ ತಂಡ ಕಟ್ಟಿಕೊಂಡು ಕೆಲವೇ ದಿನಗಳಲ್ಲಿ ಒಂದು ಆಟ ಮಾಡುವ ಕೂಟಗಳಿಂದ. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜ್ಯಾಮ್ ಜನವರಿಯ ಹೊತ್ತಿಗೆ ಬರುತ್ತದೆ. ಕೋಡ್ ಬರೆಯುವವರು ಅಲ್ಲಿ ಬಹಳ, ಸಂಗೀತದವರು ಸಿಗುವುದು ಕಡಿಮೆ.

ಸಂಬಳದ ಸಂಯೋಜಕನ ಹುದ್ದೆ ಅಪರೂಪ. ಹೆಜ್ಜೆ, ಬಾಗಿಲು, ಕತ್ತಿಯ ಸದ್ದುಗಳನ್ನು ಮಾಡುವ ಸೌಂಡ್ ಡಿಸೈನ್ ಕೂಡ ಬರುತ್ತಿದ್ದರೆ ಅನ್ನ ಹುಟ್ಟುತ್ತದೆ. ದರ ಸಾಮಾನ್ಯವಾಗಿ ಸಿದ್ಧ ಸಂಗೀತದ ನಿಮಿಷಕ್ಕೆ ಇಷ್ಟು ಎಂದಿರುತ್ತದೆ, ಜಗಳವೂ ಅಲ್ಲೇ: ಮೂರು ಪದರದ ಒಂದೂವರೆ ನಿಮಿಷದ ಲೂಪ್‌ಗೆ ಲೆಕ್ಕ ಒಂದೂವರೆಯೋ ನಾಲ್ಕೂವರೆಯೋ? ಕೆಲಸಕ್ಕೆ ಮುಂಚೆ ಬರೆಸಿಕೊಳ್ಳಿ. ಎಷ್ಟು ಸಲ ತಿದ್ದುವುದು, ಎಫ್‌ಮಾಡ್‌ನಲ್ಲಿ ಕೂರಿಸುವ ಗಂಟೆಗಳಿಗೆ ಬೇರೆ ಹಣವೇ, ಟ್ರೇಲರ್‌ಗೆ ಬಳಸಬಹುದೇ, ಸಂಗೀತವನ್ನು ಆಲ್ಬಮ್ ಆಗಿ ಮಾರುವ ಹಕ್ಕು ಯಾರದ್ದು ಎನ್ನುವುದೂ ಅದೇ ಹಾಳೆಯಲ್ಲಿ ಇರಲಿ. ಮುಂಗಡ ಕೈಗೆ ಬರುವವರೆಗೆ ಪದರಗಳ ಮೂಲ ಫೈಲ್ ಕಳಿಸಬೇಡಿ.